ಕಾರ್ಟೆಲ್ ಅಂದ್ರೆ ಶತ್ರುಗಳು ಬರ್ಕೊಂಡ ಕಾಗದ

ಕಾರ್ಟೆಲ್ ಅಂದ ತಕ್ಷಣ ಈಗ ಎಲ್ಲರ ತಲೆಗೂ ಬರೋದು ಮೆಕ್ಸಿಕೋ, ಕೊಲಂಬಿಯಾ, ಕೊಕೇನು, ಗನ್ ಹಿಡ್ಕೊಂಡು ಜೀಪಲ್ಲಿ ಸುತ್ತೋ ಜನ. ವೆಬ್ ಸೀರೀಸ್ ನೋಡಿ ನೋಡಿ ಆ ಪದಕ್ಕೆ ರಕ್ತದ ವಾಸನೆ ಅಂಟ್ಕೊಂಡುಬಿಟ್ಟಿದೆ. ಎಕನಾಮಿಕ್ಸ್ ಓದಿದವರಾದ್ರೆ ಇನ್ನೊಂದು ಅರ್ಥ ಹೇಳ್ತಾರೆ, ಒಂದೇ ಥರದ ಮಾಲು ಮಾರೋ ಕಂಪನಿಗಳು ಒಳಗೊಳಗೇ ಮಾತಾಡ್ಕೊಂಡು ರೇಟ್ ಫಿಕ್ಸ್ ಮಾಡೋದು, ಯಾರು ಎಷ್ಟು ತಯಾರಿಸ್ಬೇಕು, ಯಾವ ಏರಿಯಾ ಯಾರದ್ದು ಅಂತ ಹಂಚ್ಕೊಳ್ಳೋದು. ಇವೆರಡೂ ಅರ್ಥ ತೀರಾ ಇತ್ತೀಚಿನವು. ಅದಕ್ಕೂ ಮುಂಚೆ ಮುನ್ನೂರು ವರ್ಷ ಈ ಪದಕ್ಕೆ ವ್ಯಾಪಾರದ ಸಂಬಂಧವೇ ಇರ್ಲಿಲ್ಲ, ಡ್ರಗ್ಸ್ ಮಾತಂತೂ ದೂರ ಬಿಡಿ. ಕಾರ್ಟೆಲ್ ಅಂದ್ರೆ ಒಂದು ಕಾಗದ, ಶತ್ರುಗಳ ಮಧ್ಯೆ ಓಡಾಡೋ ಕಾಗದ. ಮೊದಲು "ಬಾ ಹೊಡೆದಾಡೋಣ" ಅಂತ ಬರೆದಿರೋ ಕಾಗದ, ಆಮೇಲೆ "ಹೊಡೆದಾಟ ಇರ್ಲಿ, ಆದ್ರೆ ಇಷ್ಟಕ್ಕೆ ಒಪ್ಕೊಳ್ಳೋಣ" ಅನ್ನೋ ಕಾಗದ, ಕೊನೆಗೆ "ಹೊಡೆದಾಟವೇ ಬೇಡ, ಸೇರ್ಕೊಂಡು ಗಿರಾಕಿಯನ್ನ ಹಿಂಡೋಣ" ಅನ್ನೋ ಕಾಗದ. ಈ ಇಳಿಜಾರು ನನಗೆ ಯಾವ ಸೀರೀಸಿಗಿಂತಲೂ ಮಜಾ ಅನ್ಸುತ್ತೆ.

ಬೇರು ಹುಡುಕೋದು ಕಷ್ಟ ಇಲ್ಲ. ಗ್ರೀಕರು ಪಪೈರಸ್ ಹಾಳೆಗೆ ಖಾರ್ಟೆಸ್ ಅಂತಿದ್ರು, ಲ್ಯಾಟಿನ್‌ನಲ್ಲಿ ಅದು ಖಾರ್ಟಾ ಆಯ್ತು, ಇಟಾಲಿಯನ್‌ನಲ್ಲಿ ಕಾರ್ಟಾ, ಅಂದ್ರೆ ಬರೀ ಕಾಗದ. ಅದರ ಪುಟ್ಟ ರೂಪ ಕಾರ್ಟೆಲ್ಲೋ, ಚೀಟಿ ಅಥವಾ ಗೋಡೆಗೆ ಅಂಟಿಸೋ ಭಿತ್ತಿಪತ್ರ. 16ನೇ ಶತಮಾನದಲ್ಲಿ ಫ್ರೆಂಚರು ಅದನ್ನ ಎತ್ಕೊಂಡು ಕಾರ್ಟೆಲ್ ಮಾಡಿದ್ರು. ಕಾರ್ಡು, ಚಾರ್ಟು, ಚಾರ್ಟರ್, ಕಾರ್ಟನ್, ಕಾರ್ಟೂನ್, ಬಂದೂಕಿನ ಕಾರ್ಟ್ರಿಡ್ಜ್ ಎಲ್ಲಾ ಇದೇ ವಂಶದವು. ಇಂಗ್ಲೆಂಡಿನ ರಾಜನ ಕೈಯಲ್ಲಿ 1215ರಲ್ಲಿ ಒಪ್ಪಿಸಿಕೊಂಡ ಮ್ಯಾಗ್ನಾ ಕಾರ್ಟಾ ಕೂಡ ಈ ಮನೆಯದ್ದೇ. ಇಟಲಿಯಲ್ಲಿ ಇವತ್ತಿಗೂ ರಸ್ತೆ ಬದಿಯ ಬೋರ್ಡಿಗೆ ಕಾರ್ಟೆಲ್ಲೋ ಅಂತಾನೇ ಅನ್ನೋದು, ಸ್ಪ್ಯಾನಿಷ್‌ನಲ್ಲಿ ಪೋಸ್ಟರಿಗೆ ಕಾರ್ಟೆಲ್ ಅಂತಾರೆ, ಫ್ರಾನ್ಸಿನ ಮ್ಯೂಸಿಯಂಗಳಲ್ಲಿ ಚಿತ್ರದ ಪಕ್ಕ ಅಂಟಿಸಿರೋ ಪುಟ್ಟ ಲೇಬಲ್ಲಿಗೂ ಕಾರ್ಟೆಲ್. ಅಲ್ಲಿನ ಹಳೇ ಶ್ರೀಮಂತರ ಮನೆಗಳ ಗೋಡೆ ಮೇಲೆ ಇರ್ತಿದ್ದ ಬಳ್ಳಿ ಹೂವಿನ ಕೆತ್ತನೆಯ ಚಿನ್ನದ ಬಣ್ಣದ ಗಡಿಯಾರಕ್ಕೂ ಅದೇ ಹೆಸರು. ಹಾಗಾಗಿ ಪ್ಯಾರಿಸ್ಸಲ್ಲಿ ಯಾರಾದ್ರೂ ನಮ್ಮಜ್ಜಿ ಒಂದು ಕಾರ್ಟೆಲ್ ಬಿಟ್ಟುಹೋಗಿದ್ದಾರೆ ಅಂದ್ರೆ ಗಾಬರಿ ಬೀಳೋದು ಬೇಡ.

ಈಗ ಮೊದಲನೇ ಅರ್ಥಕ್ಕೆ ಬರೋಣ, ದ್ವಂದ್ವಯುದ್ಧದ ಸವಾಲು, ನಮ್ಮ ಕಡೆ ರಣವೀಳ್ಯ ಕೊಡೋದು ಅಂತೀವಲ್ಲ ಅದೇ, ಆದ್ರೆ ಬರಹದಲ್ಲಿ. ಇದರಲ್ಲಿ ಅತಿ ದೊಡ್ಡ ಹೆಸರುಗಳ ಕಥೆ ಅಂದ್ರೆ 1528ರದ್ದು. ಫ್ರಾನ್ಸಿನ ರಾಜ ಒಂದನೇ ಫ್ರಾನ್ಸಿಸ್ 1525ರಲ್ಲಿ ಪಾವಿಯಾ ಯುದ್ಧದಲ್ಲಿ ಸ್ಪೇನಿನ ರಾಜನೂ ಆಗಿದ್ದ ಚಕ್ರವರ್ತಿ ಐದನೇ ಚಾರ್ಲ್ಸ್ ಸೈನ್ಯದ ಕೈಗೆ ಸಿಕ್ಕಿಬಿದ್ದ. ಮ್ಯಾಡ್ರಿಡ್‌ನಲ್ಲಿ ಸೆರೆ. 1526ರಲ್ಲಿ ಕೇಳಿದ್ದಕ್ಕೆಲ್ಲ ಸಹಿ ಹಾಕಿ, ತನ್ನ ಇಬ್ಬರು ಗಂಡುಮಕ್ಕಳನ್ನ ಒತ್ತೆ ಇಟ್ಟು ಬಿಡುಗಡೆ ಆಗಿ ಬಂದ, ಊರು ಮುಟ್ಟಿದ ಮೇಲೆ ಬಲವಂತಕ್ಕೆ ಹಾಕಿದ ಸಹಿ ಲೆಕ್ಕಕ್ಕಿಲ್ಲ ಅಂದುಬಿಟ್ಟ. ಚಾರ್ಲ್ಸ್‌ಗೆ ಪಿತ್ತ ನೆತ್ತಿಗೇರಿ, ಮರ್ಯಾದಸ್ಥ ಮಾಡೋ ಕೆಲಸ ಅಲ್ಲ ಇದು, ನಾನೂ ಅವನೂ ಮುಖಾಮುಖಿ ನಿಂತು ತೀರಿಸ್ಕೊಳ್ಳೋಣ ಅನ್ನೋ ಧಾಟಿಯಲ್ಲಿ ಮಾತಾಡಿದ. ಅದಕ್ಕೆ ಉತ್ತರವಾಗಿ 1528ರ ಮಾರ್ಚ್‌ನಲ್ಲಿ ಫ್ರಾನ್ಸಿಸ್ ಪ್ಯಾರಿಸ್‌ನಲ್ಲಿ ಆಸ್ಥಾನದವರ ಮುಂದೆ, ಚಾರ್ಲ್ಸ್‌ನ ರಾಯಭಾರಿಯನ್ನ ನಿಲ್ಲಿಸ್ಕೊಂಡು ಒಂದು ಕಾರ್ಟೆಲ್ ಓದಿಸಿದ. ನಾನು ಮಾನ ಬಿಟ್ಟು ನಡ್ಕೊಂಡಿದೀನಿ ಅಂತ ನೀನು ಅಂದಿದ್ರೆ ನಿನ್ನ ಗಂಟಲಿಂದ ಬಂದಿದ್ದು ಸುಳ್ಳು, ಜಾಗ ನೀನು ಗೊತ್ತುಮಾಡು, ಆಯುಧ ನಾನು ತರ್ತೀನಿ, ಇಷ್ಟು ಅದರ ಸಾರ.

ಚಾರ್ಲ್ಸ್ ಜಾಗ ಗೊತ್ತುಮಾಡಿದ, ಎರಡೂ ದೇಶದ ಗಡಿಯಲ್ಲಿ ಹರಿಯೋ ಬಿದಾಸೋವಾ ನದಿ, ಫ್ರಾನ್ಸಿಸ್‌ನನ್ನ ಬಿಡುಗಡೆ ಮಾಡಿ ಮಕ್ಕಳನ್ನ ಒತ್ತೆಗೆ ತಗೊಂಡಿದ್ದ ಅದೇ ನದಿ. ಎಂಥ ಜಾಗ ಆರಿಸಿದಾನೆ ನೋಡಿ, ಬೇಕಂತಲೇ ಗಾಯದ ಮೇಲೆ ಉಪ್ಪು. ಆ ಉತ್ತರ ಹೊತ್ಕೊಂಡು ಅವನ ದೂತ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ಸಿಗೆ ಬಂದಾಗ ಫ್ರಾನ್ಸಿಸ್ ಅದನ್ನ ಪೂರ್ತಿ ಓದೋಕೇ ಬಿಡ್ಲಿಲ್ಲ. ಕೂಗಾಟ, ಗಲಾಟೆ, ದೂತ ಬಂದ ದಾರಿಗೆ ಸುಂಕ ಇಲ್ಲ ಅಂತ ವಾಪಸ್. ಯುದ್ಧ ನಿಂತಿದ್ದು ಮುಂದಿನ ವರ್ಷ ಫ್ರಾನ್ಸಿಸ್‌ನ ತಾಯಿ ಮತ್ತು ಚಾರ್ಲ್ಸ್‌ನ ಚಿಕ್ಕತ್ತೆ ಇಬ್ಬರೇ ಕಾಂಬ್ರೇಯಲ್ಲಿ ಕೂತು ಮಾತಾಡಿ ಒಪ್ಪಂದ ಮಾಡಿಸಿದ ಮೇಲೆ. 1530ರಲ್ಲಿ ಫ್ರಾನ್ಸಿಸ್ ಚಾರ್ಲ್ಸ್‌ನ ಅಕ್ಕನನ್ನೇ ಮದುವೆ ಆದ. ಕತ್ತಿ ಹಿಡ್ಕೊಂಡು ಬಾ ಅಂದವರು ಭಾವ ಭಾಮೈದ ಆದ್ರು, ಕಾರ್ಟೆಲ್ ಕಾಗದದಲ್ಲೇ ಉಳೀತು.

ನನಗೆ ಇದಕ್ಕಿಂತಲೂ ಇಷ್ಟ ಲೆಕ್ಕದ ಮೇಷ್ಟ್ರುಗಳ ಕಾರ್ಟೆಲ್. ಹೌದು, ಗಣಿತಜ್ಞರೂ ಒಬ್ಬರಿಗೊಬ್ಬರು ಕಾರ್ಟೆಲ್ ಕಳಿಸ್ತಿದ್ರು. ಘನ ಸಮೀಕರಣ ಬಿಡಿಸೋ ವಿಧಾನ ಇಟಲಿಯ ತಾರ್ತಾಲ್ಯ ಅನ್ನೋರ ಹತ್ರ ಇತ್ತು, ಅದನ್ನ ಜೋಪಾನವಾಗಿ ಬಚ್ಚಿಟ್ಕೊಂಡಿದ್ರು, ಯಾಕಂದ್ರೆ ಆಗಿನ ಕಾಲಕ್ಕೆ ಸಾರ್ವಜನಿಕ ಪಂದ್ಯದಲ್ಲಿ ಗೆದ್ರೆ ಕೆಲಸ, ಸೋತ್ರೆ ಇದ್ದ ಕೆಲಸಕ್ಕೂ ಕುತ್ತು, ಹಾಗಾಗಿ ಒಂದು ಫಾರ್ಮುಲಾ ಅಂದ್ರೆ ಅನ್ನದ ದಾರಿ. ಮಿಲಾನಿನ ಕಾರ್ಡಾನೋ ಗೋಗರೆದು, ಯಾರಿಗೂ ಹೇಳಲ್ಲ ಅಂತ ಆಣೆ ಇಟ್ಟು 1539ರಲ್ಲಿ ಅದನ್ನ ಬಾಯಿ ಬಿಡಿಸ್ಕೊಂಡ್ರು. 1545ರಲ್ಲಿ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿಯೇಬಿಟ್ರು! ಹೆಸರು ಹೇಳಿದ್ರು, ಅದು ಬೇರೆ ಮಾತು, ಮತ್ತೆ ಅದೇ ವಿಧಾನ ಇನ್ನೊಬ್ಬರು ಮುಂಚೆನೇ ಕಂಡುಹಿಡಿದಿದ್ರು ಅನ್ನೋದು ಕಾರ್ಡಾನೋ ಕಡೆಯ ವಾದ. ತಾರ್ತಾಲ್ಯ ಕೆಂಡಾಮಂಡಲ. ಕಾರ್ಡಾನೋ ಮಾತ್ರ ಬಾಯಿ ತೆಗೀಲಿಲ್ಲ, ಅವರ ಬದಲು ಅಖಾಡಕ್ಕೆ ಇಳಿದಿದ್ದು ಶಿಷ್ಯ ಫೆರಾರಿ, ಇನ್ನೂ ಇಪ್ಪತ್ತೈದು ದಾಟಿರದ ಬಿಸಿರಕ್ತದ ಹುಡುಗ. 1547ರ ಫೆಬ್ರವರಿಯಲ್ಲಿ ಮೊದಲನೇ ಕಾರ್ಟೆಲ್ಲೋ ಕಳಿಸಿದ, ಅದನ್ನ ಪ್ರಿಂಟ್ ಹಾಕಿಸಿ ಇಟಲಿಯ ವಿದ್ವಾಂಸರಿಗೆಲ್ಲ ಕಾಪಿ ಹಂಚಿದ. ತಾರ್ತಾಲ್ಯ ಉತ್ತರವನ್ನೂ ಪ್ರಿಂಟ್ ಹಾಕಿಸಿದ್ರು. ಹೀಗೆ ಆರು ಸವಾಲು, ಆರು ಜವಾಬು, ಒಬ್ಬೊಬ್ಬರಿಂದ 31 ಲೆಕ್ಕ, ಮಧ್ಯೆ ಮಧ್ಯೆ ಯಥೇಚ್ಛ ಬೈಗುಳ. ಈಗಿನ ಸೋಷಿಯಲ್ ಮೀಡಿಯಾ ಜಗಳಕ್ಕೂ ಇದಕ್ಕೂ ವ್ಯತ್ಯಾಸ ಹುಡುಕಿ ನೋಡೋಣ. ಕೊನೆಗೆ 1548ರ ಆಗಸ್ಟ್ 10ಕ್ಕೆ ಮಿಲಾನಿನ ಒಂದು ಚರ್ಚಿನಲ್ಲಿ ಮುಖಾಮುಖಿ ಆಯ್ತು, ಊರು ಫೆರಾರಿ ಕಡೆಯದ್ದು, ಜನರೂ ಅವನ ಕಡೆಯವರೇ, ತಾರ್ತಾಲ್ಯ ಮೊದಲ ದಿನ ಮುಗಿಸಿ ಊರು ಬಿಟ್ಟು ಹೋದ್ರು. ಗೆಲುವು ಫೆರಾರಿ ಪಾಲು.

ಈ ಕಥೆಯಲ್ಲಿ ನಾನು ಗಮನಿಸೋದು ಒಂದೇ. ಕಾರ್ಟೆಲ್ ಅನ್ನೋದು ಬರೀ ಬೈಗುಳದ ಪತ್ರ ಅಲ್ಲ, ಅದರಲ್ಲಿ ಷರತ್ತು ಇರುತ್ತೆ. ಎಲ್ಲಿ, ಯಾವಾಗ, ಯಾವ ಆಯುಧ, ಯಾರು ತೀರ್ಪುಗಾರರು, ಸೋತವನು ಏನು ಕೊಡ್ಬೇಕು. ಹೊಡೆದಾಡೋಕೆ ಮುಂಚೆ ಇಬ್ಬರೂ ಕೆಲವು ವಿಷಯಕ್ಕೆ ಒಪ್ಕೊಳ್ಳಲೇಬೇಕು, ಇಲ್ಲಾಂದ್ರೆ ಅದು ದ್ವಂದ್ವಯುದ್ಧ ಆಗಲ್ಲ, ಬೀದಿ ಜಗಳ ಆಗುತ್ತೆ. ಸವಾಲು ಅನ್ನೋ ಅರ್ಥದೊಳಗೇ ಕರಾರು ಅನ್ನೋ ಅರ್ಥ ಬಸುರಾಗಿ ಕೂತಿತ್ತು ಅಂತ ಇಟ್ಕೊಳ್ಳಿ.

17ನೇ ಶತಮಾನದಲ್ಲಿ ಅದು ಹೊರಗೆ ಬಂತು. ಯುದ್ಧದಲ್ಲಿರೋ ಎರಡು ದೇಶಗಳು ಸೆರೆಸಿಕ್ಕವರನ್ನ ಅದಲು ಬದಲು ಮಾಡ್ಕೊಳ್ಳೋಕೆ ಮಾಡೋ ಲಿಖಿತ ಒಪ್ಪಂದಕ್ಕೆ ಕಾರ್ಟೆಲ್ ಅನ್ನೋಕೆ ಶುರು ಮಾಡಿದ್ರು. ಯುದ್ಧ ನಿಲ್ಲಲ್ಲ, ಅದರ ಪಾಡಿಗೆ ಅದು ನಡೀತಿರುತ್ತೆ, ಆದ್ರೆ ಇಷ್ಟು ವಿಷಯಕ್ಕೆ ಮಾತ್ರ ಮಾತು ಮಾತೇ. ಸೆರೆಯಾಳುಗಳನ್ನ ಸಾಗಿಸೋ ಹಡಗಿಗೆ ಕಾರ್ಟೆಲ್ ಹಡಗು ಅಂತ ಹೆಸರು, ಅದು ಬಿಳಿ ಬಾವುಟ ಹಾರಿಸ್ಕೊಂಡು ಹೋಗ್ಬೇಕು, ವ್ಯಾಪಾರದ ಸಾಮಾನು ತುಂಬೋ ಹಾಗಿಲ್ಲ, ಸಿಗ್ನಲ್ ಕೊಡೋಕೆ ಒಂದು ತೋಪು ಬಿಟ್ರೆ ಮದ್ದುಗುಂಡು ಇಡೋ ಹಾಗಿಲ್ಲ, ಅದನ್ನ ಯಾರೂ ಹಿಡಿಯೋ ಹಾಗೂ ಇಲ್ಲ. ಆಸ್ಟ್ರೇಲಿಯಾದ ಸುತ್ತ ಹಡಗಲ್ಲಿ ಹೋಗಿ ನಕ್ಷೆ ಬರೆದ ಮ್ಯಾಥ್ಯೂ ಫ್ಲಿಂಡರ್ಸ್ ಹೆಸರು ಕೇಳಿರ್ತೀರ. ಅವರು ಇಂಗ್ಲೆಂಡಿಗೆ ವಾಪಸ್ ಹೋಗುವಾಗ ಹಡಗು ಸೋರೋಕೆ ಶುರುವಾಗಿ 1803ರ ಡಿಸೆಂಬರ್‌ನಲ್ಲಿ ಮಾರಿಷಸ್ಸಿಗೆ ಬಂದ್ರು, ಅದು ಆಗ ಫ್ರೆಂಚರ ಕೈಯಲ್ಲಿತ್ತು, ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ಮತ್ತೆ ಶುರುವಾಗಿದೆ ಅನ್ನೋದೇ ಇವರಿಗೆ ಗೊತ್ತಿರ್ಲಿಲ್ಲ. ಗವರ್ನರ್ ಗೂಢಚಾರ ಅಂತ ಹಿಡಿದು ಕೂರಿಸಿಬಿಟ್ಟ, ಆರು ವರ್ಷಕ್ಕೂ ಮೇಲೆ! 1810ರ ಜೂನ್‌ನಲ್ಲಿ ಆ ದ್ವೀಪದಿಂದ ಅವರನ್ನ ಆಚೆ ಕರ್ಕೊಂಡು ಹೋಗಿದ್ದು ಹ್ಯಾರಿಯಟ್ ಅನ್ನೋ ಕಾರ್ಟೆಲ್ ಹಡಗು. ಆ ಮನುಷ್ಯನಿಗೆ ಕಾರ್ಟೆಲ್ ಅನ್ನೋ ಪದದಷ್ಟು ಸಿಹಿ ಪದ ಇನ್ನೊಂದು ಇತ್ತೋ ಇಲ್ವೋ.

ಅಮೆರಿಕದ ಅಂತರ್ಯುದ್ಧದ ಕಾರ್ಟೆಲ್ ಇನ್ನೂ ವಿಚಿತ್ರ, ಅದರಲ್ಲಿ ಮನುಷ್ಯರಿಗೆ ರೇಟ್ ಕಾರ್ಡ್ ಇದೆ. 1862ರ ಜುಲೈ 22ಕ್ಕೆ ಉತ್ತರದ ಕಡೆಯಿಂದ ಜನರಲ್ ಡಿಕ್ಸ್, ದಕ್ಷಿಣದ ಕಡೆಯಿಂದ ಜನರಲ್ ಹಿಲ್ ಸಹಿ ಹಾಕಿದ್ದಕ್ಕೆ ಡಿಕ್ಸ್-ಹಿಲ್ ಕಾರ್ಟೆಲ್ ಅಂತಾರೆ, ಹಿಂದೆ ಬ್ರಿಟನ್ ಜೊತೆ 1813ರಲ್ಲಿ ಮಾಡ್ಕೊಂಡಿದ್ದ ಕಾರ್ಟೆಲನ್ನೇ ಮಾದರಿ ಇಟ್ಕೊಂಡು ಬರೆದಿದ್ದು. ಸಿಪಾಯಿಗೆ ಸಿಪಾಯಿ, ಕ್ಯಾಪ್ಟನ್‌ಗೆ ಕ್ಯಾಪ್ಟನ್, ಸರಿ, ಆದ್ರೆ ಸಮಾನ ದರ್ಜೆಯವನು ಸಿಗದಿದ್ರೆ? ಸಾರ್ಜೆಂಟ್‌ಗೆ 2 ಸಿಪಾಯಿ, ಲೆಫ್ಟಿನೆಂಟ್‌ಗೆ 4, ಕ್ಯಾಪ್ಟನ್‌ಗೆ 6, ಕರ್ನಲ್‌ಗೆ 15, ಮೇಜರ್ ಜನರಲ್‌ಗೆ 40, ಸೇನಾಧಿಪತಿಯನ್ನೇ ಹಿಡಿದಿದ್ರೆ 60. ಚಿಲ್ಲರೆ ಕೊಟ್ಟು ನೋಟು ತಗೊಂಡ ಹಾಗೆ. ಬದಲಿ ಸಿಗೋವರೆಗೆ ಆಯುಧ ಮುಟ್ಟಲ್ಲ ಅಂತ ಮಾತು ಕೊಟ್ಟು ಮನೆಗೂ ಹೋಗಬಹುದಿತ್ತು. ಓದೋಕೆ ನಗು ಬರುತ್ತೆ, ಆದ್ರೆ ಈ ಕಾಗದ ಇದ್ದಷ್ಟು ದಿನ ಸಾವಿರಾರು ಜನ ಬದುಕ್ಕೊಂಡ್ರು. 1863ರಲ್ಲಿ ಅದು ಕುಸಿದುಬಿತ್ತು, ಮುಖ್ಯ ಕಾರಣ ಉತ್ತರದ ಸೈನ್ಯಕ್ಕೆ ಸೇರಿದ್ದ ಕಪ್ಪು ಸೈನಿಕರನ್ನ ಯುದ್ಧಕೈದಿಗಳು ಅಂತ ಒಪ್ಪೋಕೆ ದಕ್ಷಿಣದವರು ತಯಾರಿರ್ಲಿಲ್ಲ, ಅವರ ಕಣ್ಣಿಗೆ ಇವರು ಓಡಿಹೋದ ಗುಲಾಮರು ಅಷ್ಟೇ. ವಿನಿಮಯ ನಿಂತಿತು, ಜೈಲುಗಳು ತುಂಬಿ ತುಳುಕಿದ್ವು. 1864ರಲ್ಲಿ ಶುರುವಾದ ಜಾರ್ಜಿಯಾದ ಆಂಡರ್ಸನ್‌ವಿಲ್ ಶಿಬಿರ ಒಂದರಲ್ಲೇ ಹತ್ತಿರ ಹತ್ತಿರ 13,000 ಕೈದಿಗಳು ಸತ್ರು, ಬಹುಪಾಲು ರೋಗ ಮತ್ತು ಹಸಿವಿನಿಂದ. ಅಂದ್ರೆ ಒಂದು ಕಾಲಕ್ಕೆ ಕಾರ್ಟೆಲ್ ಇದ್ದಿದ್ದಕ್ಕಲ್ಲ, ಕಾರ್ಟೆಲ್ ಮುರಿದಿದ್ದಕ್ಕೆ ಹೆಣ ಬಿದ್ವು.

ಸರಿ, ವ್ಯಾಪಾರಕ್ಕೆ ಹೇಗೆ ಬಂತು? ಅದಕ್ಕೆ ಜರ್ಮನ್ ಭಾಷೆಯವರನ್ನ ಹಿಡೀಬೇಕು. ಅಲ್ಲಿ ಕಾರ್ಟೆಲ್ ಪದದ ಎಲ್ಲಾ ಅರ್ಥಗಳೂ ಒಟ್ಟೊಟ್ಟಿಗೆ ಬದುಕಿದ್ವು. ದ್ವಂದ್ವಯುದ್ಧದ ಸವಾಲು ತಲುಪಿಸೋ ಮಧ್ಯಸ್ಥನಿಗೆ ಕಾರ್ಟೆಲ್‌ಟ್ರೇಗರ್ ಅಂತ ಹೆಸರು, ಕಾರ್ಟೆಲ್ ಹೊತ್ಕೊಂಡು ಹೋಗೋನು ಅಂತ, 1871ರ ಜರ್ಮನ್ ದಂಡ ಸಂಹಿತೆಯಲ್ಲಿ ಅವನಿಗೆ ಆರು ತಿಂಗಳವರೆಗೆ ಕೋಟೆಯೊಳಗೆ ಕೂಡಿಹಾಕೋ ಸಜೆ ಅಂತ ಬರೆದಿತ್ತು. ಇನ್ನೊಂದು ಕಡೆ ಸೈನ್ಯ ಬಿಟ್ಟು ಪಕ್ಕದ ರಾಜ್ಯಕ್ಕೆ ಓಡಿಹೋದವರನ್ನ ಹಿಡಿದು ವಾಪಸ್ ಕೊಡೋಕೆ ಜರ್ಮನ್ ರಾಜ್ಯಗಳು ಮಾಡ್ಕೊಂಡಿದ್ದ ಒಪ್ಪಂದಗಳಿಗೂ ಕಾರ್ಟೆಲ್ ಅಂತಾನೇ ಹೆಸರು. ರಾಜಕೀಯಕ್ಕೂ ಹೋಯ್ತು, 1887ರ ಚುನಾವಣೆಯಲ್ಲಿ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್‌ಗೆ ಬೆಂಬಲವಾಗಿ ಮೂರು ಪಾರ್ಟಿಗಳು ಒಬ್ಬರ ಕ್ಷೇತ್ರದಲ್ಲಿ ಇನ್ನೊಬ್ಬರು ನಿಲ್ಲಲ್ಲ ಅಂತ ಕೈ ಕುಲುಕಿದ್ದಕ್ಕೆ ಕಾರ್ಟೆಲ್ ಪಾರ್ಟಿಗಳು ಅಂತ ಕರೆದ್ರು. ಫ್ರಾನ್ಸಿನಲ್ಲೂ 1924ರಲ್ಲಿ ಎಡಪಕ್ಷಗಳ ಕೂಟ ಎಡಪಂಥೀಯರ ಕಾರ್ಟೆಲ್ ಅನ್ನೋ ಹೆಸರಲ್ಲೇ ಗೆದ್ದಿದ್ದು, ಯಾರಿಗೂ ಅದು ಬೈಗುಳ ಅನ್ಸಿರ್ಲಿಲ್ಲ.

1873ರಲ್ಲಿ ಯುರೋಪಿನ ಮಾರ್ಕೆಟ್ಟು ಕುಸಿದು ಬಿತ್ತು. ಕಬ್ಬಿಣ, ಕಲ್ಲಿದ್ದಲು, ಪೊಟ್ಯಾಷ್, ಎಲ್ಲಾ ಕಡೆ ಮಾಲು ಜಾಸ್ತಿ ಗಿರಾಕಿ ಕಮ್ಮಿ, ಒಬ್ಬರನ್ನ ಮುಳುಗಿಸೋಕೆ ಇನ್ನೊಬ್ಬರು ರೇಟ್ ಇಳಿಸ್ತಾ ಇಳಿಸ್ತಾ ಎಲ್ಲರೂ ಮುಳುಗೋ ಸ್ಥಿತಿ. ಆಗ ಪೈಪೋಟಿ ಕಂಪನಿಗಳು ಒಟ್ಟಿಗೆ ಕೂತು ಕರಾರು ಬರ್ಕೊಳ್ಳೋಕೆ ಶುರು ಮಾಡಿದ್ವು. ಇದಕ್ಕೊಂದು ಸಿದ್ಧಾಂತ ಕೊಟ್ಟು 1883ರಲ್ಲಿ ಪುಸ್ತಕ ಬರೆದಿದ್ದು ಆಸ್ಟ್ರಿಯಾ ಸಾಮ್ರಾಜ್ಯದ ಮೂಲೆಯ ಚೆರ್ನೊವಿಟ್ಸ್‌ನಲ್ಲಿ ಪ್ರೊಫೆಸರ್ ಆಗಿದ್ದ ಫ್ರೆಡ್ರಿಕ್ ಕ್ಲೈನ್‌ವೆಖ್ಟರ್. ಕಾರ್ಟೆಲ್‌ಗಳು ಕಷ್ಟಕಾಲದ ಕೂಸುಗಳು ಅನ್ನೋದು ಅವರ ಫೇಮಸ್ ಮಾತು. ಹೊಂಚು ಹಾಕಿ ಲೂಟಿ ಮಾಡೋರು ಅಂತ ಅವರು ನೋಡ್ಲೇ ಇಲ್ಲ, ಉಸಿರು ಉಳಿಸ್ಕೊಳ್ಳೋಕೆ ಒಪ್ಪಂದಕ್ಕೆ ಬಂದ ಶತ್ರುಗಳು ಅಂತ ನೋಡಿದ್ರು, ಹಾಗೆ ನೋಡಿದ್ರೆ ಸೆರೆಯಾಳು ವಿನಿಮಯದ ಪದ ಇಲ್ಲಿಗೆ ಸರಿಯಾಗೇ ಒಗ್ಗುತ್ತೆ.

ಇನ್ನು ಈಗಿನವರಿಗೆ ನಂಬೋಕೆ ಕಷ್ಟ ಆಗೋ ಭಾಗ. ಇದೆಲ್ಲ ಗುಟ್ಟು ಅಲ್ಲ, ಬೋರ್ಡ್ ಹಾಕ್ಕೊಂಡೇ ನಡೀತಿತ್ತು. 1893ರಲ್ಲಿ ಜರ್ಮನಿಯ ರೂರ್ ಪ್ರದೇಶದ ಕಲ್ಲಿದ್ದಲು ಗಣಿ ಕಂಪನಿಗಳು ಎಸೆನ್ ಊರಲ್ಲಿ ಒಂದು ಸಿಂಡಿಕೇಟ್ ಆಫೀಸ್ ತೆಗೆದ್ವು, ಗಣಿಗಳು ತಮ್ಮ ಕಲ್ಲಿದ್ದಲನ್ನ ಆ ಆಫೀಸಿಗೆ ಕೊಡ್ಬೇಕು, ಮಾರೋದು ಆಫೀಸು, ಪ್ರತಿಯೊಬ್ಬರಿಗೂ ಕೋಟಾ. 1897ರಲ್ಲಿ ಸ್ಯಾಕ್ಸನಿಯ ಮರದ ತಿರುಳು ತಯಾರಕರ ಕೇಸ್ ಜರ್ಮನಿಯ ಅತ್ಯುನ್ನತ ಕೋರ್ಟಿಗೆ ಬಂತು. ಒಂದು ಫ್ಯಾಕ್ಟರಿ ಕಾರ್ಟೆಲ್ ಕರಾರು ಮೀರಿ ತನ್ನಷ್ಟಕ್ಕೆ ಮಾಲು ಮಾರಿತ್ತು, ಕೋರ್ಟ್ ಏನಂತು ಗೊತ್ತಾ, ಕರಾರು ಕರಾರೇ, ದಂಡ ಕಟ್ಟು ಅಂತು. ಕಾರ್ಟೆಲ್ ಮಾಡಿದ್ದಕ್ಕಲ್ಲ ಸ್ವಾಮಿ, ಕಾರ್ಟೆಲ್ ಮುರಿದಿದ್ದಕ್ಕೆ ದಂಡ! ಅದಕ್ಕೂ ಏಳು ವರ್ಷ ಮುಂಚೆ, 1890ರಲ್ಲಿ, ಅಮೆರಿಕ ಷರ್ಮನ್ ಕಾಯ್ದೆ ತಂದು ಇಂಥದ್ದನ್ನೇ ಅಪರಾಧ ಅಂತ ಮಾಡಿತ್ತು. ಅಲ್ಲಿ ಬೈಯೋಕೆ ಬಳಸ್ತಿದ್ದ ಪದ ಟ್ರಸ್ಟ್, ಅಂದ್ರೆ ಒಂದೇ ಕೈಗೆ ಸೇರಿದ ದೊಡ್ಡ ಕಂಪನಿಗಳ ಕೂಟ, ಆ ಕಾನೂನುಗಳನ್ನ ಇವತ್ತಿಗೂ ಆಂಟಿಟ್ರಸ್ಟ್ ಅನ್ನೋದು ಅದಕ್ಕೇ. ಕಾರ್ಟೆಲ್ ಅನ್ನೋ ಜರ್ಮನ್ ಅರ್ಥ ಇಂಗ್ಲಿಷಿಗೆ ಬಂದಿದ್ದು 1900ರ ಆಸುಪಾಸಿಗೆ.

ಎರಡು ಮಹಾಯುದ್ಧಗಳ ನಡುವಿನ ಕಾಲ ಕಾರ್ಟೆಲ್‌ಗಳ ಸುಗ್ಗಿ. ಹೆಚ್ಚು ಹೇಳಲ್ಲ, ಒಂದೇ ಸಾಕು, ಬಲ್ಬಿನದ್ದು. 1924ರಲ್ಲಿ ಓಸ್ರಾಮ್, ಫಿಲಿಪ್ಸ್, ಜನರಲ್ ಎಲೆಕ್ಟ್ರಿಕ್‌ಗೆ ಸೇರಿದ ವಿದೇಶಿ ಕಂಪನಿಗಳು ಎಲ್ಲಾ ಸೇರಿ ಜಿನೀವಾದಲ್ಲಿ ಫೀಬಸ್ ಅನ್ನೋ ಕಂಪನಿ ನೋಂದಾಯಿಸಿದ್ವು, ಫೀಬಸ್ ಅಂದ್ರೆ ಸೂರ್ಯದೇವನ ಹೆಸರು, ಜಂಭ ನೋಡಿ. ಮಾರ್ಕೆಟ್ ಹಂಚ್ಕೊಂಡ್ರು ಅನ್ನೋದು ಎಲ್ಲಾ ಕಾರ್ಟೆಲ್‌ಗಳ ಕಥೆ, ಇವರು ಇನ್ನೊಂದು ಹೆಜ್ಜೆ ಮುಂದೆ ಹೋದ್ರು. ಮನೆ ಬಲ್ಬು 1,000 ಗಂಟೆ ಉರಿದ್ರೆ ಸಾಕು ಅಂತ ತೀರ್ಮಾನ. ಅಲ್ಲಿವರೆಗೆ 1,500, 2,000 ಗಂಟೆ ಉರಿಯೋ ಬಲ್ಬುಗಳು ಇದ್ವು. ಪ್ರತಿ ಫ್ಯಾಕ್ಟರಿ ಸ್ಯಾಂಪಲ್ ಬಲ್ಬುಗಳನ್ನ ಸ್ವಿಟ್ಜರ್ಲೆಂಡಿನ ಲ್ಯಾಬಿಗೆ ಕಳಿಸ್ಬೇಕು, ಅಲ್ಲಿ ಹೊತ್ತಿಸಿಟ್ಟು ಗಂಟೆ ಎಣಿಸ್ತಾರೆ, ಜಾಸ್ತಿ ಹೊತ್ತು ಉರೀತೋ ಸ್ವಿಸ್ ಫ್ರಾಂಕ್‌ನಲ್ಲಿ ದಂಡ. ಒಳ್ಳೇ ಮಾಲು ಮಾಡಿದ್ದಕ್ಕೆ ಫೈನ್ ಕಟ್ಟಿದ ಫ್ಯಾಕ್ಟರಿಗಳಿವೆ ಅಂದ್ರೆ ಯೋಚನೆ ಮಾಡಿ. ಕಡಿಮೆ ಗಂಟೆ ಇದ್ರೆ ಬೆಳಕು ಜಾಸ್ತಿ, ಕರೆಂಟ್ ಖರ್ಚಿಗೆ ತಕ್ಕ ಬೆಳಕು ಸಿಗುತ್ತೆ ಅಂತ ಅವರ ಸಮರ್ಥನೆ, ಅದರಲ್ಲಿ ಸ್ವಲ್ಪ ನಿಜಾನೂ ಇದೆ, ತಂತಿ ಜಾಸ್ತಿ ಬಿಸಿಯಾಗಿ ಉರಿದ್ರೆ ಬೆಳಕು ಹೆಚ್ಚು ಆಯಸ್ಸು ಕಮ್ಮಿ. ಅದಕ್ಕೆ ಪೊಲೀಸ್ ಥರ ಲ್ಯಾಬ್ ಇಟ್ಟು ದಂಡ ಹಾಕೋ ಅಗತ್ಯ ಏನಿತ್ತು ಅನ್ನೋದಕ್ಕೆ ನನಗೆ ಒಂದೇ ಉತ್ತರ ಕಾಣೋದು, ಬಲ್ಬು ಜಾಸ್ತಿ ಮಾರೋದು. 1955ರವರೆಗೆ ಅಂತ ಬರೆದ ಕರಾರು 1939ರಲ್ಲಿ ಯುದ್ಧ ಬಂದು ನಿಂತುಹೋಯ್ತು.

ಯುದ್ಧ ಮುಗಿದ ಮೇಲೆ ಗೆದ್ದ ಅಮೆರಿಕದವರು ಜರ್ಮನಿಯಲ್ಲಿ ಕಾರ್ಟೆಲ್‌ಗಳನ್ನ ಒಡೆದು ಹಾಕಿದ್ರು. ಆಮೇಲೆ ಜರ್ಮನಿಯೇ ತನ್ನದೇ ಕಾನೂನು ಮಾಡಿ 1958ರಿಂದ ಕಾರ್ಟೆಲ್ ವಿರೋಧಿ ಇಲಾಖೆ ನಡೆಸ್ತಿದೆ, ಅದರ ಹೆಸರು ಬುಂಡೆಸ್‌ಕಾರ್ಟೆಲ್‌ಆಮ್ಟ್. ಪದಶಃ ಅಂದ್ರೆ ಕೇಂದ್ರ ಕಾರ್ಟೆಲ್ ಕಚೇರಿ. ಗೊತ್ತಿಲ್ಲದವರು ಅದನ್ನ ಕಾರ್ಟೆಲ್ ನಡೆಸೋ ಆಫೀಸು ಅಂದ್ಕೊಂಡ್ರೆ ತಪ್ಪೇನಿಲ್ಲ.

ಅಲ್ಲಿಂದಾಚೆಗೆ ಕಾರ್ಟೆಲ್‌ಗೆ ಕಾಗದವೇ ಶತ್ರು ಆಗೋಯ್ತು. ಹುಟ್ಟಿದ್ದು ಕಾಗದದಿಂದ, ಈಗ ಕಾಗದ ಸಿಕ್ರೆ ಜೈಲು. 1950ರ ದಶಕದಲ್ಲಿ ಅಮೆರಿಕದ ಎಲೆಕ್ಟ್ರಿಕಲ್ ಯಂತ್ರ ತಯಾರಕರು, ಜನರಲ್ ಎಲೆಕ್ಟ್ರಿಕ್, ವೆಸ್ಟಿಂಗ್‌ಹೌಸ್ ಮತ್ತಿತರರು, ಟೆಂಡರ್‌ಗಳನ್ನ ಸರದಿ ಪ್ರಕಾರ ಹಂಚ್ಕೊಳ್ತಿದ್ರು, ಈ ಸಲ ಯಾರು ಕಮ್ಮಿ ರೇಟ್ ಹಾಕ್ಬೇಕು ಅನ್ನೋದನ್ನ ಚಂದ್ರನ ಕಲೆ ನೋಡಿ ನಿರ್ಧಾರ ಮಾಡೋ ಒಂದು ಚಾರ್ಟ್ ಇಟ್ಕೊಂಡಿದ್ರು. ಶುಕ್ಲಪಕ್ಷಕ್ಕೆ ಒಬ್ಬ, ಕೃಷ್ಣಪಕ್ಷಕ್ಕೆ ಒಬ್ಬ ಅನ್ನೋ ಥರ. ಮೀಟಿಂಗಿಗೆ ಬರೋರ ಲಿಸ್ಟಿಗೆ ಕ್ರಿಸ್‌ಮಸ್ ಕಾರ್ಡ್ ಲಿಸ್ಟ್ ಅಂತ ಕೋಡ್, ಮೀಟಿಂಗಿಗೆ ಭಜನೆ ಪ್ರಾಕ್ಟೀಸ್ ಅನ್ನೋ ಅರ್ಥದ ಹೆಸರು. 1961ರಲ್ಲಿ ಸೂಟುಬೂಟಿನ ಏಳು ಜನ ಅಧಿಕಾರಿಗಳು 30 ದಿನದ ಜೈಲು ಶಿಕ್ಷೆಗೆ ಒಳಗಾದ್ರು, ಆಗಿನ ಕಾಲಕ್ಕೆ ಅದು ದೊಡ್ಡ ಸುದ್ದಿ.

1990ರ ದಶಕದ ಲೈಸೀನ್ ಕೇಸ್ ಇನ್ನೂ ಚೆನ್ನಾಗಿದೆ, ಯಾಕಂದ್ರೆ ಅದರಲ್ಲಿ ಕಾಗದ ಇಲ್ಲದಿದ್ರೂ ವಿಡಿಯೋ ಇದೆ. ಲೈಸೀನ್ ಅಂದ್ರೆ ಹಂದಿ ಕೋಳಿಗಳ ಮೇವಿಗೆ ಹಾಕೋ ಅಮೈನೋ ಆಸಿಡ್. ಅಮೆರಿಕದ ಎಡಿಎಂ ಅನ್ನೋ ಕೃಷಿ ಉತ್ಪನ್ನಗಳ ಕಂಪನಿ, ಜಪಾನಿನ ಎರಡು ಕಂಪನಿ, ಕೊರಿಯಾದ ಕಂಪನಿಗಳು ಸೇರಿ ಇಡೀ ಪ್ರಪಂಚಕ್ಕೆ ರೇಟು ಮತ್ತು ಕೋಟಾ ಗೊತ್ತು ಮಾಡ್ತಿದ್ರು. ಬೇರೆ ಬೇರೆ ದೇಶದ ಹೋಟೆಲ್‌ಗಳಲ್ಲಿ ಸೇರ್ತಿದ್ರು, ಅನುಮಾನ ಬರ್ಬಾರ್ದು ಅಂತ ವ್ಯಾಪಾರಿ ಸಂಘ ಒಂದನ್ನ ಮುಂದೆ ಇಟ್ಕೊಂಡು ಸುಳ್ಳು ಅಜೆಂಡಾ ತಯಾರು ಮಾಡ್ತಿದ್ರು. ಎಡಿಎಂನ ಒಬ್ಬ ಅಧಿಕಾರಿ ಮಾರ್ಕ್ ವಿಟಕರ್ ಎಫ್‌ಬಿಐಗೆ ಮಾಹಿತಿ ಕೊಡ್ತಿದ್ದ, ರೂಮಿನ ಟೇಬಲ್ ಲ್ಯಾಂಪಿನೊಳಗೆ ಕ್ಯಾಮರಾ. ಒಂದು ಟೇಪಲ್ಲಿ ಖಾಲಿ ಕುರ್ಚಿ ನೋಡಿ ಅವು ಗಿರಾಕಿ ಕಂಪನಿಗಳಿಗೆ, ಎಫ್‌ಬಿಐಗೆ ಅಂತ ಜೋಕ್ ಹೊಡ್ಕೊಂಡು ಎಲ್ಲರೂ ಬಿದ್ದು ಬಿದ್ದು ನಗ್ತಾರೆ, ಎಫ್‌ಬಿಐ ಅದನ್ನೇ ರೆಕಾರ್ಡ್ ಮಾಡ್ತಿರುತ್ತೆ. ಇನ್ನೊಂದು ಟೇಪಲ್ಲಿ ಎಡಿಎಂ ಅಧ್ಯಕ್ಷರು ತಮ್ಮ ಕಂಪನಿಯ ಮಾತೊಂದಿದೆ ಅಂತ ಹೇಳ್ತಾರೆ, ಪೈಪೋಟಿದಾರರು ನಮ್ಮ ಸ್ನೇಹಿತರು, ಗಿರಾಕಿಗಳು ನಮ್ಮ ಶತ್ರುಗಳು. ಈ ಪದದ ಇತಿಹಾಸ ಬಲ್ಲವರು ಬರೆದುಕೊಟ್ಟ ಡೈಲಾಗ್ ಥರ ಇದೆ. ಶತ್ರುಗಳ ನಡುವಿನ ಕಾಗದದಲ್ಲಿ ಶತ್ರು ಯಾರು ಅನ್ನೋದೇ ಬದಲಾಗೋಯ್ತು. 1996ರಲ್ಲಿ ಎಡಿಎಂ ಕಟ್ಟಿದ ದಂಡ 10 ಕೋಟಿ ಡಾಲರ್, ಆಮೇಲೆ ಅಧಿಕಾರಿಗಳು ಜೈಲಿಗೂ ಹೋದ್ರು, ಬೇರೆ ಹಣದ ಅವ್ಯವಹಾರಕ್ಕೆ ಸಿಕ್ಕಿಬಿದ್ದ ವಿಟಕರ್ ಕೂಡ.

ಈಗ ಕಾರ್ಟೆಲ್ ಹಿಡಿಯೋರು ಇಟ್ಕೊಂಡಿರೋ ದೊಡ್ಡ ಅಸ್ತ್ರ ಲ್ಯಾಂಪ್ ಕ್ಯಾಮರಾ ಅಲ್ಲ, ಮಾಫಿ. ಮೊದಲು ಬಂದು ಒಪ್ಕೊಂಡವರಿಗೆ ದಂಡ ಇಲ್ಲ, ಎರಡನೆಯವರಿಗೆ ಸ್ವಲ್ಪ ರಿಯಾಯಿತಿ ಸಿಗಬಹುದು, ಉಳಿದವರಿಗೆ ಪೂರ್ತಿ ಏಟು. ಅಮೆರಿಕ 1993ರಲ್ಲಿ ಇದನ್ನ ಗಟ್ಟಿ ಮಾಡಿದ ಮೇಲೆ ಬೇರೆ ದೇಶಗಳೂ ಕಲಿತ್ವು. ಎಷ್ಟಾದ್ರೂ ಹುಟ್ಟಾ ಪೈಪೋಟಿದಾರರಲ್ವಾ, ಯಾವಾಗ ಯಾರು ಮೊದಲು ಓಡಿಹೋಗಿ ಬಾಯಿ ಬಿಡ್ತಾರೋ ಅನ್ನೋ ಭಯದಲ್ಲೇ ಅರ್ಧ ಕಾರ್ಟೆಲ್ ಒಳಗಿಂದ ಕೊಳೆಯುತ್ತೆ.

ಎಣ್ಣೆ ರಫ್ತು ಮಾಡೋ ದೇಶಗಳ ಕೂಟ ಒಪೆಕ್ ಬಗ್ಗೆ ಕೇಳ್ತೀರ ಅಂತ ಗೊತ್ತು. 1960ರಲ್ಲಿ ಬಾಗ್ದಾದ್‌ನಲ್ಲಿ ಇರಾನ್, ಇರಾಕ್, ಕುವೈತ್, ಸೌದಿ, ವೆನೆಜುವೆಲಾ ಸೇರಿ ಕಟ್ಟಿದ್ದು, ಆಗ ಎಣ್ಣೆ ಮಾರ್ಕೆಟ್ ಇದ್ದಿದ್ದು ಪಾಶ್ಚಾತ್ಯ ದೊಡ್ಡ ಕಂಪನಿಗಳ ಮುಷ್ಟಿಯಲ್ಲಿ, ಆ ಕಂಪನಿಗಳಲ್ಲಿ ಮೂರರ ಯಜಮಾನರು 1928ರಲ್ಲೇ ಸ್ಕಾಟ್ಲೆಂಡಿನ ಆಖ್ನಾಕ್ಯಾರಿ ಅನ್ನೋ ಕೋಟೆಮನೆಯಲ್ಲಿ ಬೇಟೆ ನೆಪದಲ್ಲಿ ಸೇರಿ ಇರೋ ಪಾಲು ಇರೋ ಹಾಗೇ ಇರ್ಲಿ ಅಂತ ಮಾತಾಡ್ಕೊಂಡಿದ್ರು. ಅಂದ್ರೆ ಒಂದು ಕಾರ್ಟೆಲ್‌ಗೆ ಉತ್ತರವಾಗಿ ಇನ್ನೊಂದು. ಮಜಾ ಏನಂದ್ರೆ ಎಲ್ಲರೂ ಒಪೆಕ್ ಅಂದ್ರೆ ಎಣ್ಣೆ ಬೆಲೆ ಜಿಗಿದ 1973 ಅಂತಾರೆ, ಆದ್ರೆ ಉತ್ಪಾದನೆಗೆ ಕೋಟಾ ಹಾಕ್ಕೊಳ್ಳೋ ಅಸಲಿ ಕಾರ್ಟೆಲ್ ಕೆಲಸಕ್ಕೆ ಒಪೆಕ್ ಇಳಿದಿದ್ದು 1982ರಲ್ಲಿ, ಕೋಟಾ ಮೀರೋ ಕಳ್ಳಾಟ ಅವತ್ತಿಂದಲೂ ಇದೆ. ಅದು ಸರ್ಕಾರಗಳ ಕೂಟ, ಕಂಪನಿಗಳದ್ದಲ್ಲ, ಹಾಗಾಗಿ ಕೋರ್ಟಿಗೆ ಎಳೆಯೋದು ಸುಲಭ ಇಲ್ಲ. ನನ್ನ ಪ್ರಕಾರ ಅದು ಕಾರ್ಟೆಲ್ಲೇ, ಹಳೇ ಜರ್ಮನ್ ಅರ್ಥದಲ್ಲಿ, ಬೋರ್ಡ್ ಹಾಕ್ಕೊಂಡು ಕೂತಿರೋದು. ಅದರ ಆಫೀಸ್ ಇರೋದೂ ವಿಯೆನ್ನಾದಲ್ಲಿ, ಕ್ಲೈನ್‌ವೆಖ್ಟರ್ ಸಾಮ್ರಾಜ್ಯದ ರಾಜಧಾನಿ.

ಇನ್ನು ಡ್ರಗ್ಸ್. 1980ರ ದಶಕದಲ್ಲಿ ಕೊಲಂಬಿಯಾದ ಮೆಡೆಲಿನ್ ಊರಿನ ಎಸ್ಕೋಬಾರ್, ಓಚೋವಾ ಸಹೋದರರು ಮುಂತಾದವರ ಗುಂಪಿಗೆ ಅಮೆರಿಕದ ಪತ್ರಿಕೆ, ಸರ್ಕಾರಿ ವಕೀಲರು, ಪೊಲೀಸರು ಮೆಡೆಲಿನ್ ಕಾರ್ಟೆಲ್ ಅನ್ನೋ ಹೆಸರು ರೂಢಿ ಮಾಡಿದ್ರು. ಎಣ್ಣೆ ಬೆಲೆ ಏರಿದ್ದ ನೆನಪು ಹಸಿಯಾಗಿತ್ತು, ಕಾರ್ಟೆಲ್ ಅಂದ್ರೆ ವಿದೇಶಿ ಕೂಟ ನಮ್ಮ ಕತ್ತು ಹಿಸುಕ್ತಿದೆ ಅನ್ನೋ ಭಾವನೆ ಇತ್ತು, ಪದ ಟಕ್ ಅಂತ ಕೂತ್ಕೊಂಡ್ತು. ಸ್ವಲ್ಪ ಮಟ್ಟಿಗೆ ಅರ್ಥಾನೂ ಇತ್ತು, ಬೇರೆ ಬೇರೆ ಯಜಮಾನರು ಒಂದೇ ದಾರಿಯಲ್ಲಿ ಮಾಲು ಕಳಿಸೋದು, ನಷ್ಟ ಹಂಚ್ಕೊಳ್ಳೋದು ನಡೀತಿತ್ತು. ಆದ್ರೆ ಅದೇ ದೇಶದ ಕಾಲಿ ಊರಿನ ಗುಂಪಿಗೂ ಕಾರ್ಟೆಲ್ ಅಂದ್ರು, ಇವೆರಡೂ 1988ರಿಂದ ಬಾಂಬ್ ಹಾಕ್ಕೊಂಡು ಕಾದಾಡಿದ್ವು. ರೇಟ್ ಹೊಂದಾಣಿಕೆ ಮಾಡ್ಕೊಳ್ಳೋರು ಒಬ್ಬರ ಮನೆ ಮುಂದೆ ಒಬ್ಬರು ಕಾರ್ ಬಾಂಬ್ ಇಡ್ತಾರಾ? ಅದು ಪೈಪೋಟಿ, ಅದರ ಅತಿ ಕೆಟ್ಟ ರೂಪದಲ್ಲಿ. ಕೊಕೇನಿನ ಸಗಟು ರೇಟು ಕೂಡ 1980ರ ದಶಕದ ಉದ್ದಕ್ಕೂ ಇಳೀತಾನೇ ಹೋಯ್ತು, ಯಾವ ಮರ್ಯಾದಸ್ಥ ಕಾರ್ಟೆಲ್ ತನ್ನ ಮಾಲಿನ ರೇಟ್ ಹಾಗೆ ಬೀಳೋಕೆ ಬಿಡುತ್ತೆ ಹೇಳಿ.

ಹಾಗಂತ ಪತ್ರಿಕೆಯವರನ್ನ ತಿದ್ದೋಕೆ ಹೋಗಲ್ಲ, ಪದ ಜನ ಬಳಸಿದ ಕಡೆಗೆ ಹೋಗುತ್ತೆ, ಇದಂತೂ ಐನೂರು ವರ್ಷದಿಂದ ಹೋಗ್ತಾನೇ ಇದೆ. ನನಗೆ ಕಿರಿಕಿರಿ ಇರೋದು ಬೇರೆ ಕಡೆ. ಕಾರ್ಟೆಲ್ ಅಂದ್ರೆ ಗನ್ ಹಿಡಿದವರು ಅಂತ ತಲೇಲಿ ಕೂತ್ಬಿಟ್ರೆ ಟೈ ಕಟ್ಟಿದವರು ಕಣ್ತಪ್ಪಿಸ್ಕೊಳ್ತಾರೆ. 1999ರಲ್ಲಿ ವಿಟಮಿನ್ ಕಂಪನಿಗಳು ಸಿಕ್ಕಿಬಿದ್ವು, ಸ್ವಿಟ್ಜರ್ಲೆಂಡಿನ ಔಷಧ ಕಂಪನಿ ರೋಷ್ ಒಂದೇ ಅಮೆರಿಕದಲ್ಲಿ 50 ಕೋಟಿ ಡಾಲರ್ ದಂಡ ಕಟ್ತು, 2016ರಲ್ಲಿ ಯುರೋಪಿನ ಲಾರಿ ತಯಾರಕರಿಗೆ 14 ವರ್ಷದ ಒಳ ಒಪ್ಪಂದಕ್ಕೆ ಯುರೋಪಿಯನ್ ಕಮಿಷನ್ ಹಾಕಿದ ದಂಡ ಸುಮಾರು 290 ಕೋಟಿ ಯೂರೋ. ಇವರ ಮೇಲೆ ಸೀರೀಸ್ ಬರೋದು ಕಮ್ಮಿ, ಹೋಟೆಲ್ ರೂಮಲ್ಲಿ ಎಕ್ಸೆಲ್ ಶೀಟ್ ನೋಡ್ಕೊಂಡು ಕೂತವರನ್ನ ಎಷ್ಟು ಎಪಿಸೋಡ್ ತೋರಿಸ್ತಾರೆ. ಅತ್ಲಾಗೆ 2025ರ ಫೆಬ್ರವರಿಯಲ್ಲಿ ಅಮೆರಿಕ ಸರ್ಕಾರ ಸಿನಲೋವಾ ಸೇರಿ ಮೆಕ್ಸಿಕೋದ ಆರು ಕಾರ್ಟೆಲ್‌ಗಳನ್ನ ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸ್ತು. ಕೊಲೆ, ಸಾಗಾಟ, ಹಣ ಬಿಳಿ ಮಾಡೋದು, ಈಗ ಭಯೋತ್ಪಾದನೆ, ಹೀಗೆ ಅವರ ಮೇಲಿರೋ ಆರೋಪಗಳ ಸಾಲು ಉದ್ದ ಆಗ್ತಾ ಇದೆ, ಮಾಲಿನ ರೇಟ್ ಫಿಕ್ಸ್ ಮಾಡಿದ್ರು ಅಂತ ಮಾತ್ರ ಯಾರೂ ಕೇಸ್ ಹಾಕೋಕೆ ಹೊರಟಿಲ್ಲ.